ಸದ್ದಿಲ್ಲದ ಒಂದು ಕೀ
ಬೀದಿಯವರಿಗೆಲ್ಲ ಅವನು ಟಕಟಕ ಮಾಮ. ಕಂಪ್ಯೂಟರ್ ಕೀಬೋರ್ಡುಗಳನ್ನು ಗಿರಾಕಿಯ ಕೈಗೆ ತಕ್ಕಂತೆ ಒಂದೊಂದಾಗಿ ಮಾಡಿಕೊಡುವುದು ಅವನ ಕಸುಬು. ಯಾರೇ ಬಂದರೂ ಮೊದಲು "ಕೈ ಕೊಡಿ ನೋಡೋಣ" ಎಂದು, ದರ್ಜಿ ತೋಳು ಅಳೆಯುವ ಹಾಗೆ, ಬೆರಳು ಅಳೆಯುತ್ತಾನೆ. ಮರದ ಚೌಕಟ್ಟನ್ನು ಉಜ್ಜಿ ಉಜ್ಜಿ, ನುಣುಪಾಯಿತೇ ಎಂದು ತನ್ನ ಕೆನ್ನೆಗೆ ಒತ್ತಿ ನೋಡುತ್ತಾನೆ. ಪ್ರತಿ ಕೀಯ ಸ್ಪ್ರಿಂಗಿಗೂ ಬ್ರಷ್ಷಿನ ತುದಿಯಿಂದ ಎಣ್ಣೆ ಸವರಿ, ತಳಕ್ಕೆ ಸ್ಪಂಜು ಹಾಸಿ, ಕಣ್ಣು ಮುಚ್ಚಿ ಒತ್ತಿ ಸದ್ದು ಕೇಳುತ್ತಾನೆ. "ಥೂ, ಡಬ್ಬ ಬಡಿದ ಹಾಗಿದೆ ಕಣೇ! ಹಲಗೆ ಮೇಲೆ ಗೋಲಿ ಬಿದ್ದ ಹಾಗಿರಬೇಕು" ಎಂದು ಹೆಂಡತಿಗೆ ಹೇಳಿ, ಎಲ್ಲವನ್ನೂ ಮತ್ತೆ ಬಿಚ್ಚುತ್ತಾನೆ. ಆ ಸ್ಪಂಜು ಕಿತ್ತೂ ಕಿತ್ತೂ ಅವಳ ದಿಂಬು ದಿನೇ ದಿನೇ ಸೊರಗುತ್ತಿದೆ. "ನನ್ನ ಮಾತಿಗೆ ಮಾತ್ರ ನಿಮಗೆ ಕಿವಿ ಇಲ್ಲ" ಎಂದು ಅವಳು ಗೊಣಗಿದರೆ, "ನಿನ್ನ ದನಿ ಸರಿಯಾಗೇ ಇದೆಯಲ್ಲ, ರಿಪೇರಿ ಯಾಕೆ?" ಎನ್ನುತ್ತಾನೆ. ಇಂಥ ಸದ್ದಿನ ಹುಚ್ಚ ಮಾಡಿದ ಯಾವ ಕೀಬೋರ್ಡಿನಲ್ಲೂ ತಪ್ಪು ಅಕ್ಷರ ಅಳಿಸುವ ಕೀ ಮಾತ್ರ ಸದ್ದು ಮಾಡುವುದಿಲ್ಲ. ಅದರ ಕೆಳಗೆ ಎರಡು ಪದರ ಉಣ್ಣೆ ಬಟ್ಟೆ ಇಡುತ್ತಾನೆ. ಆಗಷ್ಟೇ ಆಫೀಸಿಗೆ ಸೇರಿದ್ದ ಹುಡುಗಿಯೊಬ್ಬಳು, "ಮಾಮ, ಇದೊಂದು ಕೀ ಕೆಟ್ಟಿದೆ" ಎಂದು ಕೀಬೋರ್ಡನ್ನು ವಾಪಸು ತಂದಳು. "ಕೆಟ್ಟಿಲ್ಲಮ್ಮ. ನಾನು ಗುಮಾಸ್ತನಾಗಿದ್ದಾಗ ಒಂದಕ್ಷರ ಅಳಿಸಿದರೂ ಆ ಕೀ ಸದ್ದಿಗೆ ಸಾಹೇಬರು ಅಲ್ಲಿಂದಲೇ ತಲೆಯೆತ್ತಿ ನೋಡೋರು, ರೂಮಿಗೆ ರೂಮೇ ನಗೋದು. ನಿನ್ನ ತಪ್ಪು ಪಕ್ಕದ ಮೇಜಿಗೆ ಯಾಕಮ್ಮ ಗೊತ್ತಾಗಬೇಕು?" ಎಂದ. ಹುಡುಗಿ ಆ ಕೀಯನ್ನು ಇನ್ನೆರಡು ಸಲ ಒತ್ತಿ, ಕಿವಿಗೊಟ್ಟು, ಕೀಬೋರ್ಡನ್ನು ಮತ್ತೆ ಚೀಲದೊಳಗೆ ಇಟ್ಟುಕೊಂಡಳು.