ಎರಡು ಹನಿ ಎಣ್ಣೆ

ಇಪ್ಪತ್ತಾರು ವರ್ಷ ಹೊಲಿಗೆ ಮೆಷಿನ್ ತುಳಿದು ಇಡೀ ಬೀದಿಯ ಮಾನ ಮುಚ್ಚಿದವಳು ಟೈಲರಮ್ಮ. ರೆಡಿಮೇಡ್ ಬಟ್ಟೆ ಬಂದಮೇಲೆ ಗಿರಾಕಿಗಳಿಗೆ ಗುಂಡಿ ಕಿತ್ತುಹೋದಾಗ ಮಾತ್ರ ಅವಳ ನೆನಪಾಗತೊಡಗಿತು. ಕೊನೆಗೆ ಅಂಗಡಿಗೆ ಬೀಗ ಬಿತ್ತು. ವಯಸ್ಸು ನಲವತ್ತೊಂಬತ್ತು, ಕೈ ಸುಮ್ಮನಿರಲು ಕೇಳುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಅಮ್ಮ ಮತ್ತೆ ತೊಳೆಯುತ್ತಿರುವುದನ್ನು ಕಂಡ ಮಗಳು, ಮರುದಿನವೇ ತಾನು ಕೆಲಸ ಮಾಡುವ ವೆಲ್ಡಿಂಗ್ ಶೆಡ್ಡಿಗೆ ಅವಳನ್ನು ಕರೆದೊಯ್ದಳು.

ಯಜಮಾನರು ತಲೆ ಕೆರೆದುಕೊಂಡರು. "ಎರಡು ವಾರ ಕಲೀಲಿ. ಆಮೇಲೆ ಶನಿವಾರ ನನ್ನೆದುರಿಗೆ ಒಂದಡಿ ಕಬ್ಬಿಣದ ಪ್ಲೇಟು ಗ್ಯಾಸ್ ಟಾರ್ಚಲ್ಲಿ ನೆಟ್ಟಗೆ ಕತ್ತರಿಸಿದರೆ ಕೆಲಸಕ್ಕೆ ಇಟ್ಕೋತೀನಿ. ಇಲ್ಲಾಂದ್ರೆ ಇಲ್ಲ."

ಟೈಲರಮ್ಮನಿಗೆ ಅಷ್ಟೇ ಸಾಕಾಗಿತ್ತು. ಆ ಶನಿವಾರ ಕೈತಪ್ಪಿದರೆ ಮತ್ತೆ ಅದೇ ಗೋಡೆ, ಅದೇ ಪಾತ್ರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸೂಜಿಗೆ ದಾರ ಪೋಣಿಸಲು ಬಾರದ ಮಗಳ ತಲೆಗೆ ಒಂದು ಕಾಲದಲ್ಲಿ ಮೊಟಕುತ್ತಿದ್ದವಳು ಈಗ ಅದೇ ಮಗಳಿಂದ ಬೈಸಿಕೊಳ್ಳಬೇಕಾಯಿತು. ಮೊದಲು ಟಾರ್ಚಿನ ಮೂತಿಗೆ ಅಸಿಟಿಲಿನ್ ಗ್ಯಾಸ್ ಬಿಟ್ಟು ಹಚ್ಚಬೇಕು. ಮಸಿ ಉದುರಿಸುವ ಹಳದಿ ಜ್ವಾಲೆಗೆ ಆಕ್ಸಿಜನ್ ಸೇರಿಸುತ್ತಾ ಹೋದರೆ ಅದು ನೀಲಿಯಾಗಿ ಒಳಗೊಂದು ಚೂಪು ಮೊನೆ ಮೂಡುತ್ತದೆ. ಕಬ್ಬಿಣದ ಅಂಚು ಕೆಂಪಗೆ ಕಾದಮೇಲೆ ಲಿವರ್ ಒತ್ತಿದರೆ ಆಕ್ಸಿಜನ್ ರಭಸವಾಗಿ ನುಗ್ಗಿ ಅದನ್ನು ಕತ್ತರಿಸುತ್ತದೆ. ಇಷ್ಟೂ ಬಾಯಿಪಾಠವಾಯಿತು. ಆದರೆ ಮೊದಲ ದಿನ ಅವಳು ಟಾರ್ಚನ್ನು ಅಲ್ಲಾಡದಂತೆ ಹಿಡಿದು, ಎಡಗೈಯಿಂದ ಪ್ಲೇಟನ್ನೇ ಮುಂದಕ್ಕೆ ತಳ್ಳಲು ಹೋದಳು!

"ಅಮ್ಮಾ, ಅದು ಬಟ್ಟೆ ಅಲ್ಲ! ಓಡಬೇಕಾದ್ದು ಟಾರ್ಚು!"

"ನನಗೆ ಗೊತ್ತು ಕಣೇ. ಈ ಕೈಗೆ ಗೊತ್ತಾಗಬೇಕಲ್ಲ."

ಬರಬರುತ್ತಾ ಕೈಗೂ ಗೊತ್ತಾಯಿತು. ಎರಡನೆಯ ವಾರದಲ್ಲಿ ಅವಳ ಗೆರೆ ಹೊಲಿಗೆಯಷ್ಟೇ ನೇರವಾಗಿ ಬರುತ್ತಿತ್ತು. ಮಗಳು ಹೊಗಳಲಿಲ್ಲ, ಬೈಯುವುದನ್ನು ಬಿಟ್ಟಳು. ಅಮ್ಮನ ಹೊಟ್ಟೆ ತುಂಬಲು ಅಷ್ಟು ಸಾಕು.

ಶನಿವಾರ ಬೆಳಿಗ್ಗೆ ಟೈಲರಮ್ಮ ಎಲ್ಲರಿಗಿಂತ ಮೊದಲೇ ಬಂದಳು. ಯಜಮಾನರು ಬರುವಷ್ಟರಲ್ಲಿ ಎಲ್ಲ ಸಿದ್ಧವಿರಲಿ ಎಂದು ಆಕ್ಸಿಜನ್ ಸಿಲಿಂಡರಿಗೆ ರೆಗ್ಯುಲೇಟರ್ ಜೋಡಿಸಲು ನಿಂತಳು. ನಟ್ಟು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಬಿಗಿಯಾದದ್ದಕ್ಕೆಲ್ಲ ಅವಳ ಬಳಿ ಇದ್ದದ್ದು ಒಂದೇ ಮದ್ದು. ಚೀಲದಿಂದ ಮೆಷಿನ್ ಎಣ್ಣೆಯ ಪುಟ್ಟ ಡಬ್ಬಿ ತೆಗೆದು ಎರಡು ಹನಿ ಬಿಟ್ಟಳು. ನಟ್ಟು ಸಲೀಸಾಗಿ ಕೂತಿತು. ಒಳ್ಳೆಯ ಕೆಲಸ ಮಾಡಿದೆನೆಂದು ಒಬ್ಬಳೇ ಬೀಗಿದಳು.

ಯಜಮಾನರು ಟೀ ಲೋಟ ಹಿಡಿದು ಸ್ಟೂಲಿನ ಮೇಲೆ ಕೂತರು. ಮಗಳು ಸಿಲಿಂಡರ್ ತೆರೆಯಲು ಹೋದಳು.

"ಮೊದಲು ಬಾಯಿಪರೀಕ್ಷೆ," ಎಂದರು ಯಜಮಾನರು. "ಆಕ್ಸಿಜನ್‌ಗೆ ಆಗದೇ ಇರೋದು ಯಾವುದಮ್ಮಾ?"

"ಬೆಂಕಿ."

"ಅದಿರಲಿ, ಇನ್ನೊಂದು? ಎಣ್ಣೆ! ಒಂದು ಹನಿ ಇದ್ರೂ ಸಾಕು. ಕಡ್ಡಿ ಗೀರೋದೇ ಬೇಡ, ಸಿಲಿಂಡರ್ ತೆರೆದವರ ಮುಖಕ್ಕೇ ಸಿಡಿಯುತ್ತೆ."

ಮಗಳ ಕೈ ಆಗಲೇ ವಾಲ್ವಿನ ಮೇಲಿತ್ತು. ಹೇಳಿದರೆ ಕೆಲಸ ಹೋಯಿತು ಎಂದು ಟೈಲರಮ್ಮನ ಮನಸ್ಸು ಲೆಕ್ಕ ಹಾಕುವಷ್ಟರಲ್ಲಿ ಅವಳ ಕೈ ಮಗಳ ಮಣಿಕಟ್ಟನ್ನು ಹಿಡಿದಾಗಿತ್ತು.

"ತಿರುಗಿಸಬೇಡ! ಎಣ್ಣೆ ಹಾಕಿದ್ದೀನಿ. ನಾನೇ ಹಾಕಿದ್ದೀನಿ."

ಯಜಮಾನರು ಲೋಟ ಕೆಳಗಿಟ್ಟು ಎಲ್ಲರನ್ನೂ ಹೊರಗೆ ಕಳಿಸಿದರು. ಸಿಲಿಂಡರನ್ನು ಯಾರೂ ಮುಟ್ಟದಂತೆ ಕೆಂಪು ಬಟ್ಟೆ ಕಟ್ಟಿ, ಗ್ಯಾಸಿನವರಿಗೆ ಫೋನ್ ಮಾಡಿ, ಆಮೇಲೆ ಬಾಗಿಲಿಗೆ ಬಂದು ಮಗಳನ್ನು ನೋಡಿದರು.

"ಇದನ್ನ ನೀನು ಹೇಳಿಕೊಟ್ಟಿರಲಿಲ್ವಾ?"

ಮಗಳು ಬಾಯಿ ತೆರೆಯುವ ಮೊದಲೇ ಟೈಲರಮ್ಮ ನಡುವೆ ಬಾಯಿ ಹಾಕಿದಳು. "ಹೇಳಿದ್ಲು ಸಾರ್. ನಾನೇ ಮರೆತುಬಿಟ್ಟೆ." ತನ್ನ ಕೆಲಸವಂತೂ ಹೋಯಿತು, ಮಗಳದ್ದಾದರೂ ಉಳಿಯಲಿ ಎಂದು ಹಸಿ ಸುಳ್ಳು ಹೇಳಿದ್ದಳು.

"ಇಲ್ಲ ಸಾರ್," ಎಂದಳು ಮಗಳು. "ನಾನು ಹೇಳಿಲ್ಲ. ಇಲ್ಲಿ ಎಲ್ಲರಿಗೂ ಗೊತ್ತಿರೋದೇ ಅಲ್ವಾ ಅಂತ… ಹೇಳಲೇ ಇಲ್ಲ."

ಯಜಮಾನರು ಇಬ್ಬರ ಕಡೆಗೂ ಬೆರಳು ತೋರಿಸಿದರು. "ಸೋಮವಾರ ಎಂಟಕ್ಕೆ ಇಬ್ರೂ ಬನ್ನಿ. ಮೊದಲನೇ ಪಾಠದಿಂದ ನಾನೇ ಹೇಳಿಕೊಡ್ತೀನಿ. ನೀವು ಮುಂದೆ ಕೂತ್ಕೊಳ್ಳಿ ಅಮ್ಮಾ, ನಿಮ್ಮ ಗುರುಗಳು ಹಿಂದೆ ಕೂರಲಿ."

"ಹಾಗಾದ್ರೆ ಕೆಲಸ?"

"ಮಾಡಿದ ತಪ್ಪನ್ನ ಬಾಯಿಬಿಟ್ಟು ಹೇಳೋರನ್ನೇ ಕಳಿಸಿಬಿಟ್ರೆ, ಈ ಸಿಲಿಂಡರ್‌ಗಳ ಮಧ್ಯೆ ನಾನು ಯಾರನ್ನ ನಂಬಿ ನಿಲ್ಲಲಿ?" ಎಂದು ಗೊಣಗುತ್ತಾ ಅವರು ಒಳಗೆ ಹೋದರು.

"ಅಮ್ಮಾ, ಕೈ ಬಿಡು. ನೋಯ್ತಿದೆ," ಎಂದಳು ಮಗಳು ಮೆಲ್ಲಗೆ.

ಟೈಲರಮ್ಮ ಬಿಡಲಿಲ್ಲ. ಬೀದಿ ದಾಟಿ ಮನೆ ಬಾಗಿಲು ಮುಟ್ಟುವ ತನಕವೂ ಬಿಡಲಿಲ್ಲ.