ನನ್ನ ಬ್ಯಾಗಿನಲ್ಲಿ ನಾನಿಡದ ಸಾಬೂನು

ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಚಾವಡಿಯಲ್ಲಿ, ಹತ್ತು ಜನರ ಎದುರು, ನನ್ನ ಬ್ಯಾಗಿನಿಂದ ಒಂದು ಡಜನ್ ಸಾಬೂನು ಹೊರಬಂತು. ಅದರ ಹಿಂದೆ ಪೌಡರಿನ ಡಬ್ಬಿ, ಅತ್ತರಿನ ಬಾಟಲಿ, ನೋವಿನ ಮುಲಾಮು, ಚಾಕೊಲೇಟ್. ಎಲ್ಲ ಪಕ್ಕಾ ಫಾರಿನ್.

ತಮಾಷೆ ಏನು ಗೊತ್ತೇ? ಅದರಲ್ಲಿ ಒಂದನ್ನೂ ನಾನು ತಂದಿರಲಿಲ್ಲ!

ಈ ಅಂಕಣ ಓದುವ ನಿಮಗೆ ನನ್ನ ಕಥೆ ಗೊತ್ತು. ನಲವತ್ತೊಂದು ವರ್ಷದ ಕನ್ನಡ ಟೀಚರ್ ನಾನು. ಸಂಬಳವಿಲ್ಲದ ರಜೆ ಹಾಕಿ, ಬೆನ್ನಿಗೊಂದು ಬ್ಯಾಗ್ ಏರಿಸಿ, ಎಂಟು ತಿಂಗಳು ಒಬ್ಬಳೇ ತಿರುಗಿದೆ. ಮೂರು ಖಂಡ, ಒಂಬತ್ತು ದೇಶ. ಲಾವೋಸಿನ ದೋಣಿಯಲ್ಲಿ, ಜಾರ್ಜಿಯಾದ ಬೆಟ್ಟದ ಬಸ್ಸಿನಲ್ಲಿ, ಬೊಲಿವಿಯಾದ ಹಾಸ್ಟೆಲಿನ ಮೇಲಿನ ಮಂಚದಲ್ಲಿ ಕೂತು ಬರೆದು ಕಳಿಸಿದ್ದನ್ನೆಲ್ಲ ನೀವು ಸಹಿಸಿಕೊಂಡಿದ್ದೀರಿ. ಬ್ಯಾಗಿನಲ್ಲಿದ್ದದ್ದು ಮೂರು ಜೊತೆ ಬಟ್ಟೆ, ಒಂದು ಜಾಕೆಟ್, ಒಂದು ಸ್ಟೀಲ್ ಲೋಟ. ಹೋಗುವಾಗ ಒಂಬತ್ತು ಕೆಜಿ, ಬರುವಾಗ ಎಂಟು. (ಒಂದು ಜೊತೆ ಚಪ್ಪಲಿ ತಾಂಜಾನಿಯಾದಲ್ಲಿ ಪ್ರಾಣ ಬಿಟ್ಟಿತು.)

ಆದರೆ ನಮ್ಮೂರು ಹೊಸಂಗಡಿಯ ಕಡೆ ಹೀಗೆ ಬರಿಗೈಯಲ್ಲಿ ಯಾರೂ ಬರುವುದಿಲ್ಲ. ಇಲ್ಲಿ ಎರಡು ಮನೆಗೊಬ್ಬರು ಗಲ್ಫಿಗೆ ಹೋದವರು. ಹೊರದೇಶದಿಂದ ಯಾರೇ ಬರಲಿ, ನೆರೆಕರೆಯವರು ಬಂದು ಕೂರುತ್ತಾರೆ. ಅವರೆದುರೇ ಪೆಟ್ಟಿಗೆಯ ಹಗ್ಗ ಕತ್ತರಿಸಬೇಕು. ಒಬ್ಬರಿಗೆ ಸಾಬೂನು, ಒಬ್ಬರಿಗೆ ಮುಲಾಮು. ಕೈಗೆ ಏನಾದರೂ ಬಿದ್ದರಷ್ಟೇ ಹೋದವರು ಹೋಗಿ ಬಂದರು ಎಂದು ಲೆಕ್ಕ.

ನನಗೆ ಇದೊಂದೂ ನೆನಪಿರಲಿಲ್ಲ. ಗುರುವಾರ ಬಂದವಳು ಮಲಗಿಬಿಟ್ಟಿದ್ದೆ. ಎಂತಹ ನಿದ್ದೆ ಅಂತೀರಿ! ಎಚ್ಚರವಾದಾಗ ಯಾವ ದೇಶ ಎಂದು ಗೊತ್ತಾಗುತ್ತಿರಲಿಲ್ಲ. ಮಂಚ ಮೆಲ್ಲಗೆ ತೂಗುತ್ತಿತ್ತು, ದೋಣಿಯೇ ಇರಬೇಕು ಅಂದುಕೊಳ್ಳುತ್ತಿದ್ದೆ. ಫ್ಯಾನಿನ ಗಾಳಿ ಮುಖಕ್ಕೆ ಬಡಿದರೆ ಬೆಟ್ಟದ ಬಸ್ಸಿನ ಕಿಟಕಿ ತೆರೆದಂತೆ. ಆಮೇಲೆ ಎಲ್ಲಿಂದಲೋ ಒಗ್ಗರಣೆಯ ವಾಸನೆ ಬಂದು, ಓಹ್, ಇದು ಅಮ್ಮನ ದೇಶ ಎಂದು ಸಮಾಧಾನವಾಗಿ ಮತ್ತೆ ನಿದ್ದೆ.

ಭಾನುವಾರ ಎದ್ದು ಹೊರಗೆ ಬಂದರೆ ಚಾವಡಿ ತುಂಬ ಜನ. ಅಮ್ಮ ನನ್ನ ಬ್ಯಾಗ್ ನಡುವಿಗೆ ಎಳೆದು ಜಿಪ್ ತೆಗೆಯುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕಡೆ ಒಂದು ನೋಟ ಎಸೆದಳು. ಎಂಟು ವರ್ಷದವಳಾಗಿದ್ದಾಗ ಅದೇ ನೋಟಕ್ಕೆ ಸುಮ್ಮನಾಗುತ್ತಿದ್ದೆ. ಈಗಲೂ ಆದೆ.

ಅರ್ಥವಾಯಿತು. ನಾನು ಮಲಗಿದ್ದಾಗ ಅಮ್ಮ ಆಟೋ ಹತ್ತಿ ಜಂಕ್ಷನ್ನಿನ ಗಲ್ಫ್ ಸಾಮಾನಿನ ಅಂಗಡಿಗೆ ಹೋಗಿ ಬಂದಿದ್ದಾಳೆ!

ಇನ್ನೊಂದು ವಿಷಯ ಅರ್ಥವಾಗಲಿಕ್ಕೆ ಪಕ್ಕದ ಮನೆಯ ಲೀಲಕ್ಕ ಬಾಯಿ ಬಿಡಬೇಕಾಯಿತು. "ಟ್ರೈನಿಂಗ್ ಎಲ್ಲ ಹೇಗಾಯ್ತು ಟೀಚರೇ? ಸರಕಾರದ್ದೇ ಖರ್ಚಂತಲ್ಲ?"

ಟ್ರೈನಿಂಗ್! ಮದುವೆಯಾಗದ ಮಗಳು ಸುಮ್ಮನೆ ನೋಡಲಿಕ್ಕೆ ಹೋಗಿದ್ದಾಳೆ ಎಂದು ಹೇಳಲು ಅಮ್ಮನಿಗೆ ನಾಚಿಕೆ. ಎಂಟು ತಿಂಗಳು ಊರಿಡೀ ಟ್ರೈನಿಂಗ್ ಅಂದಿದ್ದಾಳೆ. (ಈ ಪೇಪರ್ ಬರುವುದು ನೆರೆಕರೆಯಲ್ಲಿ ನಮ್ಮ ಮನೆಗೊಂದೇ.) ಈಗ ಬರಿ ಬ್ಯಾಗ್ ಬಿಚ್ಚಿದರೆ ಅವಳ ಮರ್ಯಾದೆ ಏನಾಗಬೇಕು? ನಾನು ತಲೆಯಾಡಿಸಿದೆ. "ಆಯ್ತು ಲೀಲಕ್ಕ, ಚೆನ್ನಾಗಿ ಆಯ್ತು."

ಅಮ್ಮ ಒಂದು ಸಾಬೂನನ್ನು ಎದುರು ಮನೆಯ ಮೂಸಾಕನ ಕೈಗಿಟ್ಟಳು. ಮೂಸಾಕ ಇಪ್ಪತ್ತಾರು ವರ್ಷ ಅಬುಧಾಬಿಯಲ್ಲಿ ಇಸ್ತ್ರಿ ಅಂಗಡಿಯಲ್ಲಿದ್ದವರು. ಮೂಸಿ ನೋಡಿದರು. ತಿರುಗಿಸಿದರು. ನಾನು ಕೂತಲ್ಲಿಂದಲೇ ಕಂಡೆ. ಅಡಿಯಲ್ಲಿ ಹಳದಿ ಸ್ಟಿಕ್ಕರ್, ಅದರ ಮೇಲೆ ಹೊಸಂಗಡಿಯ ಅಂಗಡಿಯ ಹೆಸರು. ಹನ್ನೊಂದರದ್ದು ಕಿತ್ತ ಅಮ್ಮ ಹನ್ನೆರಡನೆಯದನ್ನು ಮರೆತಿದ್ದಳು.

ಅಮ್ಮನಿಗೂ ಕಂಡಿತು. ಮುಖ ಬಿಳಿಚಿತು. ಕೈಯಲ್ಲಿದ್ದ ಚಾಕೊಲೇಟ್ ಹಾಗೆಯೇ ನಿಂತಿತು. ಅಯ್ಯೋ ದೇವರೇ, ಮುಗಿಯಿತು ಅಂದುಕೊಂಡೆ.

ಮೂಸಾಕ ಹೆಬ್ಬೆರಳಿನ ಉಗುರಿನಿಂದ ಸ್ಟಿಕ್ಕರನ್ನು ನಿಧಾನಕ್ಕೆ ಕೆರೆದು, ಉಂಡೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. "ಹೊರಗಿನ ಸಾಬೂನಿನ ಪರಿಮಳವೇ ಬೇರೆ," ಅಂದರು. ಅಷ್ಟೇ.

ಎಲ್ಲರೂ ಹೋದರು. ಮೂಸಾಕ ಮಾತ್ರ ಮೆಟ್ಟಿಲಲ್ಲಿ ಕೂತೇ ಇದ್ದರು. ಅಮ್ಮ ಚಹಾ ತಂದು, ತಲೆ ತಗ್ಗಿಸಿ ನಿಂತಳು.

"ನೀವು ಬೇಜಾರು ಮಾಡ್ಬೇಡಿ ಅಕ್ಕ," ಅಂದರು ಮೂಸಾಕ. "ಕೊನೆಯ ಎರಡು ಸಲ ನಾನು ಬರುವಾಗ ಕೈಯಲ್ಲಿ ಎಂತದೂ ಇರ್ಲಿಲ್ಲ. ಏರ್‌ಪೋರ್ಟಿನಿಂದ ಸೀದಾ ಅದೇ ಅಂಗಡಿಗೆ ಹೋಗಿ ಪೆಟ್ಟಿಗೆ ತುಂಬಿಸಿದ್ದು. ನಿಮಗೂ ಒಂದು ಪೌಡರ್ ಕೊಟ್ಟಿದ್ದೆ, ನೆನಪುಂಟಾ?"

ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಅದನ್ನು ನಾನು ಎರಡು ವರ್ಷ ಇಟ್ಟುಕೊಂಡು ಹಾಕಿದ್ದು ಮಾರಾಯ್ರೆ!"

ಮೂಸಾಕ ನನ್ನ ಕಡೆ ತಿರುಗಿದರು. "ಮೋಳೆ, ಮಗಳೇ, ನೀನು ತಂದದ್ದು ಬಿಡು. ನೋಡಿದ್ದು ಎಂತ, ಅದನ್ನು ಹೇಳು. ನಾನು ಇದ್ದಲ್ಲಿಂದ ಕಡಲಿಗೆ ಮೂರು ಬೀದಿ. ವಾರಕ್ಕೊಂದೇ ರಜೆ, ಶುಕ್ರವಾರ. ಮಲಗುವುದಾ, ಕಡಲು ನೋಡುವುದಾ? ಇಪ್ಪತ್ತಾರು ವರ್ಷ ನಾನು ಮಲಗಿದ್ದು."

ಬಂದು ನಾಲ್ಕು ದಿನವಾಗಿತ್ತು. ನನ್ನಲ್ಲಿ ಇದನ್ನು ಕೇಳಿದ ಮೊದಲ ಮನುಷ್ಯ ಇವರು.

ಹೇಳಿದೆ. ಬೊಲಿವಿಯಾದಲ್ಲಿ ಒಂದು ಉಪ್ಪಿನ ಬಯಲುಂಟು, ಕಣ್ಣು ಹೋದಷ್ಟು ದೂರ ಬರೇ ಉಪ್ಪು. ಮಳೆ ಬಂದರೆ ಅದರ ಮೇಲೆ ಪಾದ ಮುಳುಗುವಷ್ಟು ನೀರು. ಗಾಳಿ ನಿಂತಾಗ ಆಕಾಶವೆಲ್ಲ ಆ ನೀರಿನೊಳಗೆ ಇಳಿಯುತ್ತದೆ. ಮೇಲೆ ಮೋಡ, ಕಾಲಡಿಯಲ್ಲೂ ಮೋಡ. ನಡುವೆ ನಾನೊಬ್ಬಳು. ನೆಲ ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರು, ಗೊತ್ತಾಗಲಿಲ್ಲ. ನನ್ನ ಹೆಸರು ಕೂಡ ಸ್ವಲ್ಪ ಹೊತ್ತು ಮರೆತುಹೋಗಿತ್ತು. ಅಷ್ಟು ಸುಖ.

ಮೂಸಾಕ ಕಣ್ಣು ಮುಚ್ಚಿ ಕೇಳುತ್ತಿದ್ದರು. ಲೋಟದ ಚಹಾ ತಣ್ಣಗಾಗಿತ್ತು. ಅಂಗಳದ ಬಿಸಿಲು ಕೂಡ ಒಂದು ಗಳಿಗೆ ನೀರಿನ ಹಾಗೆ ಕಂಡಿತು.

"ಇದನ್ನೆಲ್ಲ ಪೇಪರಿನಲ್ಲಿ ಬರೆದಿದ್ದೆನಲ್ಲ ಅಮ್ಮ?" ಅಂದೆ. "ನೀನು ಓದಲಿಲ್ಲವಾ?"

"ಓದುವುದೆಂತ? ಪೇಪರ್ ಬಂದ ಕೂಡಲೇ ನಿನ್ನ ಹೆಸರು ಉಂಟಾ ಅಂತ ನೋಡುವುದು. ಉಂಟಾದರೆ ನೀನು ಇದ್ದೀ. ಮತ್ತೆ ಮಡಚಿ ಇಡುವುದು."

ನೋಡಿ, ಎಂಟು ತಿಂಗಳು ನಿಮಗೆಲ್ಲ ಪ್ರಪಂಚ ವರ್ಣಿಸಿದ ಮಹಾರಾಯ್ತಿ ನಾನು. ನನ್ನ ಹೆಸರನ್ನು ಬಿಟ್ಟು ಒಂದಕ್ಷರ ನಮ್ಮ ಮನೆಯೊಳಗೆ ಇಳಿದಿರಲಿಲ್ಲ. ಅವಳು ಕೇಳಲಿಲ್ಲ, ಸರಿ. ನಾನಾದರೂ ಅವಳನ್ನು ಕೂರಿಸಿ ಹೇಳಿದ್ದೇನಾ? ಅದೂ ಇಲ್ಲ. ಆ ಸಂಜೆ ಪೂರ್ತಿ ಹೇಳಿದೆ. ಅಮ್ಮ ದೀಪ ಹಚ್ಚಿ ಬಂದು ಮತ್ತೆ ಕೂತಳು.

ಸೋಮವಾರ ಬೆಳಿಗ್ಗೆ ಲೀಲಕ್ಕ ಗೇಟಿನ ಹತ್ತಿರ ನಿಂತು, "ಅಂತೂ ನಿಮ್ಮ ಮಗಳ ಟ್ರೈನಿಂಗ್ ಮುಗೀತು," ಅನ್ನುವುದು ಕೇಳಿಸಿತು. ನಾನು ಹಲ್ಲುಜ್ಜುತ್ತಿದ್ದವಳು ಬ್ರಷ್ ನಿಲ್ಲಿಸಿದೆ.

"ಎಂತ ಟ್ರೈನಿಂಗ್ ಮಾರಾಯ್ತಿ," ಅಂದಳು ಅಮ್ಮ. "ಅವಳು ಸುಮ್ಮನೆ ನೋಡ್ಲಿಕ್ಕೆ ಹೋದದ್ದು. ಸಾಬೂನೂ ಅವಳು ತಂದದ್ದಲ್ಲ, ನಾನು ತಂದದ್ದು, ಜಂಕ್ಷನ್ನಿಂದ. ಅದು ಬಿಡು. ಅಲ್ಲೊಂದು ಕಡೆ ಆಕಾಶ ಕಾಲಡಿಯಲ್ಲಿ ಉಂಟಂತೆ, ಗೊತ್ತುಂಟಾ ನಿನಗೆ? ನಮ್ಮವಳು ಅದರ ಮೇಲೆ ನಡೆದು ಬಂದದ್ದು."

ಲೀಲಕ್ಕ ಈಗ ನಗುತ್ತಾಳೆ ಎಂದು ಕಾದೆ. ಅವಳು ಗಂಭೀರವಾಗಿ ಕೇಳಿದಳು:

"ಹಾಗಾದರೆ ಅಲ್ಲಿ ಚಪ್ಪಲಿ ಎಲ್ಲಿ ಬಿಡುವುದಂತೆ?"