ಎಡ ತಿರುವಿನ ಎಣ್ಣೆ

ಹೊಲಿಗೆ ಯಂತ್ರ ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಮಿಷಿನ್ ಮಾಮ ಎಂದೇ ಕರೆಯುತ್ತಿದ್ದರು. ಹರೆಯದಲ್ಲಿ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಅಕ್ಕನ ಮನೆಯ ಹಿಂದಿನ ಕೋಣೆಗೆ ಬಂದವನು ಅಲ್ಲೇ ತಲೆ ನರೆಸಿಕೊಂಡ. ಮದುವೆಯಾಗಲಿಲ್ಲ. ಮಾತು ಕಮ್ಮಿ. ಆ ಕೊರತೆಯನ್ನು ಭಾವ ಬಡ್ಡಿಸಮೇತ ತುಂಬುತ್ತಿದ್ದರು. ಭಾವನದು ತಗಡಿನ ಕೆಲಸ: ನೀರಿನ ಟ್ಯಾಂಕು, ಟ್ರಂಕು, ಹೊಗೆ ಕೊಳವೆ. ಬೆಸುಗೆ ಹಾಕುವಾಗಲೂ ಅವರ ಬಾಯಿ ನಿಲ್ಲುತ್ತಿರಲಿಲ್ಲ.

ವಯಸ್ಸಾದ ಮೇಲೆ ಇಬ್ಬರೂ ಸೇರಿ ಒಂದು ಕಾರು ಕಟ್ಟಲು ಹೊರಟರು. ಪೈಪಿನ ಚೌಕಟ್ಟು, ಫೈಬರಿನ ಮೈ, ಸೀಟು, ದೀಪ ಎಲ್ಲ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬರುತ್ತವೆ, ಮನೆಯಲ್ಲೇ ಜೋಡಿಸಿಕೊಳ್ಳಬೇಕು. ಇಂಜಿನ್ ಮಾತ್ರ ತಮ್ಮದೇ ಹಾಕಿಕೊಳ್ಳಬೇಕು. ಭಾವನ ಹಳೆಯ ಕಾರಿನ ಮೈ ತುಕ್ಕು ಹಿಡಿದು ಉದುರಿತ್ತು, ಇಂಜಿನ್ ಗಟ್ಟಿಯಾಗಿತ್ತು. ಅದನ್ನೇ ಕೂರಿಸಿದರು. ನಡುವಯಸ್ಸು ದಾಟಿದ ಇಬ್ಬರು ಗಂಡಸರು ಅಂಗಳದಲ್ಲಿ ಆಟಿಕೆ ಹರಡಿಕೊಂಡು ಕೂತಿದ್ದಾರೆ ಎಂದು ಅಕ್ಕ ಬಂದವರಿಗೆಲ್ಲ ಹೇಳಿದಳು. ಕಾರು ಮುಗಿದ ದಿನ ಗುಡ್ಡದ ತುದಿಗೆ ಹೋಗಿ ಊರನ್ನು ಕಾಲಡಿಯಲ್ಲಿ ನೋಡಬೇಕು ಎಂಬುದು ಭಾವನ ಹಟ.

ತೊಡಕು ಬಂದದ್ದು ಇಂಜಿನ್ನಿನ ಹೊಟ್ಟೆಯಲ್ಲಿ. ಅಡಿಯಲ್ಲಿ ಎಣ್ಣೆ ನಿಲ್ಲುವ ಬೋಗುಣಿಯಂಥ ಭಾಗವನ್ನು ಮೆಕ್ಯಾನಿಕ್‌ಗಳು ಚೇಂಬರ್ ಅನ್ನುತ್ತಾರೆ. ಹೊಸ ಚೌಕಟ್ಟು ನೆಲಕ್ಕೆ ಅಂಟಿದಷ್ಟು ತಗ್ಗು. ಚೇಂಬರ್ ಅದಕ್ಕಿಂತ ಕೆಳಗೆ ಜೋತುಬಿದ್ದಿತ್ತು. ಮೊದಲ ಉಬ್ಬಿಗೇ ಒಡೆಯುವುದು ಖಂಡಿತ. ಭಾವ ಅದರ ತಳ ಕೊಯ್ದು ಆಳ ಕಡಿಮೆ ಮಾಡಿದರು. ಎಣ್ಣೆ ಕಡಿಮೆಯಾಗಬಾರದೆಂದು ಎರಡೂ ಪಕ್ಕಕ್ಕೆ ಕಿವಿಗಳ ಹಾಗೆ ತಗಡು ಸೇರಿಸಿ ಅಗಲ ಮಾಡಿದರು. ಆಳವಿಲ್ಲದ ತಟ್ಟೆಯಲ್ಲಿ ನೀರು ಅತ್ತಿತ್ತ ಓಡುವ ಹಾಗೆ ಎಣ್ಣೆಯೂ ತಿರುವಿನಲ್ಲಿ ಓಡುತ್ತದೆ. ಅದನ್ನು ಹೀರಿ ಮೇಲೆ ಕಳಿಸುವ ಪಂಪಿಗೆ ಸಿಗದಿದ್ದರೆ ಇಂಜಿನ್ ಒಣಗಿ ಕಚ್ಚಿಕೊಂಡು ನಿಲ್ಲುತ್ತದೆ. ಅದಕ್ಕಾಗಿ ನಡುವೆ, ಪಂಪು ಹೀರುವ ಜಾಗದ ಸುತ್ತ, ಒಂದು ಗೂಡು, ಗೂಡಿನ ಎಡಬಲಕ್ಕೆ ಒಂದೊಂದು ಪುಟ್ಟ ಬಾಗಿಲು. ಬಾಗಿಲು ಒಳಕ್ಕೆ ಮಾತ್ರ ತೆರೆಯಬೇಕು. ಎಣ್ಣೆ ಬರಬಹುದು, ಹೋಗಬಾರದು.

"ನಿನ್ನ ಹಾಗೆ ಕಣೋ. ಬಂದ ಮೇಲೆ ಹೋಗೋ ಮಾತೇ ಇಲ್ಲ" ಎಂದಿದ್ದರು ಭಾವ.

ಗೂಡಿಗೆ ಮುಚ್ಚಳ ಹಾಕಿ, ಚೇಂಬರ್ ಬಿಗಿದು, ಇನ್ನು ಬಣ್ಣ ಹೊಡೆಯಬೇಕು ಅನ್ನುವಾಗ ಭಾವನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸತ್ತವು. ಮಾತೆಲ್ಲ ಹೋಗಿ ಯಾಕೋ 'ಅದೇ' ಎಂಬ ಒಂದು ಮಾತು ಉಳಿಯಿತು. ನೀರು ಬೇಕಾದರೂ ಅದೇ, ನೋವಾದರೂ ಅದೇ. ಹೇಳಿದ್ದು ಅವರಿಗೆ ತಿಳಿಯುತ್ತಿತ್ತು; ಹೇಳಬೇಕಾದದ್ದು ಹೊರಬರುತ್ತಿರಲಿಲ್ಲ. ಹಗಲೆಲ್ಲ ಅಂಗಳದ ಮಂಚದಲ್ಲಿ ಕೂತು ಎಡಗೈಯಲ್ಲಿ ಕಾರು ತೋರಿಸುವರು, ಆಮೇಲೆ ಗುಡ್ಡ ತೋರಿಸುವರು.

ಮಾಮ ಒಬ್ಬನೇ ಉಳಿದ ಕೆಲಸ ಮುಗಿಸಿದ. ಭಾವನನ್ನು ಕೂರಿಸುವ ಮುಂಚೆ ಒಮ್ಮೆ ಓಡಿಸಿ ನೋಡೋಣವೆಂದು ಗುಡ್ಡದ ದಾರಿ ಹಿಡಿದ. ಆ ರಸ್ತೆ ಸ್ಕ್ರೂವಿನ ಸುರುಳಿ ಗೆರೆಯಂತೆ ಎಡಕ್ಕೇ ಸುತ್ತುತ್ತ ಏರುತ್ತದೆ. ಮೊದಲ ಸುತ್ತು ಮುಗಿಯುವ ಮೊದಲೇ ಎಣ್ಣೆ ಸಿಗುತ್ತಿಲ್ಲವೆಂದು ಎಚ್ಚರಿಸುವ ಕೆಂಪು ದೀಪ ಹತ್ತಿತು. ತಕ್ಷಣ ಇಂಜಿನ್ ನಿಲ್ಲಿಸಿ ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿಸಿಕೊಂಡು ಬಂದ. ಸಮತಟ್ಟಿನಲ್ಲಿ ಚಾಲೂ ಮಾಡಿದರೆ ದೀಪ ಆರಿತು. ಬಲಕ್ಕೆ ತಿರುಗಿಸಿದ, ಏನೂ ಇಲ್ಲ. ಎಡಕ್ಕೆ ಒಂದು ದೊಡ್ಡ ಸುತ್ತು ಹಾಕಿದ, ಮತ್ತೆ ದೀಪ.

ಭಾವನನ್ನು ಅಕ್ಕ ಆಸ್ಪತ್ರೆಗೆ ಕರೆದೊಯ್ದಿದ್ದ ದಿನ ಚೇಂಬರ್ ಬಿಚ್ಚಿದ. ಎಡಬದಿಯ ಬೆಸುಗೆ ಭಾವನದೇ: ಸಾಲಾಗಿ ಜೋಡಿಸಿದ ಕಾಸಿನ ಹಾಗೆ ಒಂದರ ಮೇಲೊಂದು. ಬಲಬದಿಯದು ಬೇರೆ ಯಾರದೋ ಕೈಯ ಹಾಗಿತ್ತು. ಗೆರೆ ದಾರಿ ತಪ್ಪಿ, ಅಲ್ಲಲ್ಲಿ ಗಂಟಾಗಿ, ಒಂದು ಕಡೆ ತಗಡನ್ನೇ ಸುಟ್ಟಿತ್ತು. ಆ ಬದಿಯ ಬಾಗಿಲು ಹೊರಕ್ಕೆ ತೆರೆಯುತ್ತಿತ್ತು. ಎಡ ತಿರುವಿನಲ್ಲಿ ಬಲಕ್ಕೆ ಓಡಿದ ಎಣ್ಣೆ ಆಚೆ ಹೋಗುತ್ತದೆ, ವಾಪಸು ಬರುವುದಿಲ್ಲ.

ಮಾಮ ಅಲ್ಲೇ ನೆಲದ ಮೇಲೆ ಕೂತ. ಲಕ್ವ ಒಂದೇ ಬೆಳಿಗ್ಗೆ ಬಂದದ್ದಲ್ಲ. ಈ ಬೆಸುಗೆ ಹಾಕುವಾಗಲೇ ಕೈಗೆ ಬಂದು ಕೂತಿತ್ತು. ಆಗ ಭಾವ ತಗಡೇ ಸರಿಯಿಲ್ಲ ಎಂದು ಅಂಗಡಿಯವನನ್ನು ಬೈದಿದ್ದರು. ಪಕ್ಕದಲ್ಲಿ ಚಹಾ ಕುಡಿಯುತ್ತ ಇವನು ಹೂಂಗುಟ್ಟಿದ್ದ. ಸೂಜಿ ಕೂದಲೆಳೆಯಷ್ಟು ಓರೆಯಾದರೂ ಹಿಡಿಯುವ ಕಣ್ಣು ಕೈಯಳತೆಯಲ್ಲಿದ್ದ ಮನುಷ್ಯನನ್ನು ನೋಡಿರಲಿಲ್ಲ.

ಬಾಗಿಲನ್ನು ತಿರುಗಿಸಿ ಬೆಸೆಯುವುದು ಬೇರೆ ಬೆಸುಗೆಯವನಿಗೆ ಅರ್ಧ ದಿನದ ಕೆಲಸ. ಆದರೆ ತಮ್ಮ ಕೆಲಸದ ಮೇಲೆ ಇನ್ನೊಬ್ಬರ ಬೆಂಕಿ ಬೀಳಲು ಭಾವ ಎಂದೂ ಬಿಟ್ಟವರಲ್ಲ. ಕದ್ದು ಒಯ್ಯೋಣವೆಂದು ಚೇಂಬರನ್ನು ಹಾಸುಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರೆ, ಗೇಟಿನಲ್ಲೇ ಆಸ್ಪತ್ರೆಯಿಂದ ಮರಳಿದ ಭಾವ ಎದುರಾದರು. ಗಂಟಿನ ಆಕಾರವೇ ಅವರಿಗೆ ಸಾಕಾಯಿತು. ಗಾಲಿಕುರ್ಚಿಯಿಂದ ಎಡಗೈ ಚಾಚಿ ಅದನ್ನು ತಟ್ಟಿದರು, ಅರ್ಧ ಮುಖದಲ್ಲಿ ನಕ್ಕರು, ಇಂಜಿನ್ ತೋರಿಸಿ "ಅದೇ" ಎಂದರು.

ಬೋಲ್ಟು ಬಿಗಿಮಾಡಲು ಬಿಚ್ಚಿದ್ದೆ ಎಂದು ಮಾಮ ಸುಳ್ಳು ಹೇಳಿದ. ಒಳಗೆ ಅಡುಗೆಮನೆಯಲ್ಲಿ ಅಕ್ಕನಿಗೆ ನಿಜ ಹೇಳಿದ.

"ಅವರಿಗೆ ಉಳಿದಿರೋದು ಒಳ್ಳೇ ಕೆಲಸಗಾರ ಅನ್ನೋ ಹೆಸರೊಂದೇ," ಎಂದಳು ಅಕ್ಕ. "ಅದನ್ನೂ ಬಿಚ್ಚಿ ತೋರಿಸಬೇಡ. ಇದ್ದ ಹಾಗೇ ಹಾಕು."

ಮಂಚದ ಮೇಲಿನಿಂದ ಭಾವ ನೋಡುತ್ತಿರುವಾಗಲೇ ಇದ್ದ ಹಾಗೇ ಹಾಕಿದ. ಬೋಲ್ಟು ಸರಿಯಾಗಿ ಬಿಗಿಯಿತೋ ಎಂದು ಅವರು ಕೈಯಾಡಿಸಿ ಕೇಳಿದರು. ಬಿಗಿಯಿತು ಭಾವ, ಎಂದ.

ಇಬ್ಬರು ಹಿಡಿದು ಭಾವನನ್ನು ಆ ತಗ್ಗಿನ ಸೀಟಿಗೆ ಇಳಿಸಿ ಬೆಲ್ಟು ಕಟ್ಟುವಾಗ, ಕೆರೆಯ ಸುತ್ತಿನ ರಸ್ತೆಯಲ್ಲಿ ಬಲಕ್ಕೆ ಬಲಕ್ಕೆ ತಿರುಗಿಸಿ ಮನೆಗೆ ತರುವುದೆಂದು ಮಾಮ ಲೆಕ್ಕ ಹಾಕಿದ್ದ. ಗಾಳಿಗೆ ಭಾವನ ಕಣ್ಣಲ್ಲಿ ನೀರು ಬಂತು. ಗುಡ್ಡದ ಕವಲು ಸಿಕ್ಕಾಗ ಅವರು ಎಡಕ್ಕೆ ಕೈ ತೋರಿದರು. ಮಾಮ ಬಲಕ್ಕೆ ಹೊರಳಿಸಿದ. ಕೆರೆ ಸುತ್ತಿ ಬಂದರೆ ಮತ್ತೆ ಅದೇ ಕವಲು, ಮತ್ತೆ ಎಡಗೈ. "ಅದೇ. ಅದೇ." ಈ ಸಲ ದನಿಯಲ್ಲಿ ಬೇಡಿಕೆಯಿತ್ತು. ಮಾತಿನ ಮಲ್ಲನಾಗಿದ್ದವರು ಒಂದು ಮಾತನ್ನೇ ಹಿಡಿದು ಹಿಂಡುತ್ತಿದ್ದರು.

"ಆ ಕಡೆ ರಸ್ತೆ ಸರಿಯಿಲ್ಲ ಭಾವ, ಇನ್ನೊಂದು ದಿನ" ಎಂದ ಮಾಮ.

ರಸ್ತೆ ಸರಿಯಿದೆಯೆಂದು ಕಣ್ಣಿಗೇ ಕಾಣುತ್ತಿತ್ತು. ಭಾವ ಕೈ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಮುಖ ಆಚೆ ತಿರುಗಿಸಿದರು. ಮಾಮನಿಗೆ ಅದನ್ನು ನೋಡಲಾಗಲಿಲ್ಲ. ಆದದ್ದಾಗಲಿ ಎಂದು ಎಡಕ್ಕೆ ತಿರುಗಿಸಿ ಗುಡ್ಡ ಹತ್ತಿಸಿದ.

ಅರ್ಧ ಸುತ್ತಿಗೆ ಕೆಂಪು ದೀಪ ಹತ್ತಿತು. ನಿಲ್ಲಿಸಿದರೆ ಯಾಕೆಂದು ಹೇಳಬೇಕು. ನಿಲ್ಲಿಸದಿದ್ದರೆ ಇಂಜಿನ್ ಸಾಯುತ್ತದೆ. ಮಾಮ ನಿಲ್ಲಿಸಲಿಲ್ಲ. ಅಡಿಯಿಂದ ಟಕಟಕ ಸದ್ದು ಶುರುವಾಯಿತು. ಭಾವ ದೀಪ ನೋಡಿದರು. ಬಾಗುತ್ತಿದ್ದ ರಸ್ತೆ ನೋಡಿದರು. ಇವನ ಮುಖವನ್ನೂ ನೋಡಿದರು. ಆಮೇಲೆ ಎಡಗೈಯನ್ನು ಮೈಗಡ್ಡವಾಗಿ ತಂದು, ನಡುವಿನಲ್ಲಿದ್ದ ಚಾವಿ ತಿರುಗಿಸಿ ಇಂಜಿನ್ ಆರಿಸಿ, ಚಾವಿಯನ್ನು ಎಳೆದುಕೊಂಡರು.

ಮಾಮ ಹ್ಯಾಂಡ್‌ಬ್ರೇಕ್ ಎಳೆದ. ಎಣ್ಣೆ ಸ್ವಲ್ಪ ಕಡಿಮೆಯಿರಬೇಕು, ತಾನೇ ಕಡಿಮೆ ಹಾಕಿದ್ದು ಎಂದ. ಭಾವನ ಬಲಗೈ ತೊಡೆಯ ಮೇಲೆ ಯಾರೋ ಇಟ್ಟು ಮರೆತ ಸಾಮಾನಿನ ಹಾಗೆ ಬಿದ್ದಿತ್ತು, ಅದನ್ನೇ ನೋಡುತ್ತಿದ್ದರು.

"ಚಾವಿ ಕೊಡಿ ಭಾವ."

ಎಡಗೈಯ ಮುಷ್ಟಿ ಬಿಗಿಯಾಗಿತ್ತು. ಬೆರಳು ಬಿಡಿಸಿ ತೆಗೆಯಬಹುದಿತ್ತು, ರೋಗಿಯ ಕೈ. ಮಾಮ ಬಿಡಿಸಲಿಲ್ಲ. ಹಿಂದಿನಿಂದ ಬಂದ ಲಾರಿ ಹಾರನ್ ಹೊಡೆದು, ಬಳಸಿಕೊಂಡು, ಗುಡ್ಡ ಹತ್ತಿ ಹೋಯಿತು.